ಪ್ರಿಂಟರ್ ಆನ್ ಇದೆ, ವೈಫೈ ದೀಪವೂ ಉರಿಯುತ್ತಿದೆ, ಲ್ಯಾಪ್‌ಟಾಪ್ ಮಾತ್ರ ‘ಆಫ್‌ಲೈನ್’ ಅನ್ನುತ್ತಿದೆ

ಮನೆಯ ಪ್ರಿಂಟರ್‌ಗೆ ತಿಂಗಳಿಗೆ ನಾಲ್ಕೈದು ಸಲ ಕೆಲಸ ಬಿದ್ದರೆ ಹೆಚ್ಚು. ಪಹಣಿ, ಹಾಲ್ ಟಿಕೆಟ್, ವಿಮೆ ರಸೀದಿ. ಅದೂ ಚಪ್ಪಲಿ ಮೆಟ್ಟಿಕೊಂಡು ಹೊರಡುವ ಹೊತ್ತಿಗೆ. ಆಗಲೇ ಲ್ಯಾಪ್‌ಟಾಪ್ ‘ಪ್ರಿಂಟರ್ ಆಫ್‌ಲೈನ್’ ಎಂದು ಕೈಯೆತ್ತುತ್ತದೆ. ಸಾಮಾನ್ಯವಾಗಿ ಜನ ಏನು ಮಾಡುತ್ತಾರೆ? ಪಟ್ಟಿಯಿಂದ ಪ್ರಿಂಟರನ್ನು ತೆಗೆದುಹಾಕಿ, ಡ್ರೈವರ್ (ಪ್ರಿಂಟರ್ ಜೊತೆ ಮಾತಾಡಲು ಲ್ಯಾಪ್‌ಟಾಪ್‌ಗೆ ಬೇಕಾದ ತಂತ್ರಾಂಶ) ಅಳಿಸಿ, ಕಂಪನಿಯ ತಾಣದಿಂದ ನೂರಾರು ಎಂಬಿಯ ತಂತ್ರಾಂಶ ಇಳಿಸಿ, ಪ್ರಿಂಟರನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಒಂದು ಗಂಟೆ ಕಳೆಯುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ನಿನ್ನೆಯವರೆಗೆ ಸರಿಯಾಗಿ ಅಚ್ಚು ಹಾಕುತ್ತಿದ್ದ ಡ್ರೈವರ್ ರಾತ್ರೋರಾತ್ರಿ ಕೆಡುವುದು ಅಪರೂಪ. ಹೆಚ್ಚಿನ ಸಲ ಕೆಟ್ಟಿರುವುದು ವಿಳಾಸ. ಪ್ರಿಂಟರ್ ಇದ್ದಲ್ಲೇ ಇದೆ, ಮನೆ ನಂಬರ್ ಬದಲಾಗಿದೆ, ಲ್ಯಾಪ್‌ಟಾಪ್ ಇನ್ನೂ ಹಳೇ ಬಾಗಿಲು ತಟ್ಟುತ್ತಿದೆ.

ಅದಕ್ಕೇ ಮೊದಲು ಲ್ಯಾಪ್‌ಟಾಪ್ ಮುಟ್ಟಬೇಡಿ. ಪ್ರಿಂಟರ್‌ನಿಂದಲೇ ಒಂದು ಹಾಳೆ ತೆಗೆಸಿ. ನೆಟ್‌ವರ್ಕ್ ವಿವರದ ಹಾಳೆಯನ್ನು ಕಂಪ್ಯೂಟರ್‌ನ ಹಂಗಿಲ್ಲದೆ ತಾನೇ ಅಚ್ಚು ಹಾಕುವ ದಾರಿ ವೈಫೈ ಇರುವ ಹೆಚ್ಚುಕಡಿಮೆ ಎಲ್ಲ ಪ್ರಿಂಟರ್‌ಗಳಲ್ಲೂ ಇದೆ. ಎಚ್‌ಪಿಯ ಇಂಕ್ ಟ್ಯಾಂಕ್ ವೈರ್‌ಲೆಸ್ 410 ಸರಣಿಯಲ್ಲಿ ವೈರ್‌ಲೆಸ್ ಗುಂಡಿ ಮತ್ತು ‘ಐ’ ಗುರುತಿನ ಗುಂಡಿಯನ್ನು ಒಟ್ಟಿಗೆ ಒತ್ತಬೇಕು. ಎಪ್ಸನ್ ಎಲ್3150ರಂಥವುಗಳಲ್ಲಿ ಹಾಳೆಯ ಚಿತ್ರವಿರುವ ನೆಟ್‌ವರ್ಕ್ ಸ್ಟೇಟಸ್ ಗುಂಡಿಯನ್ನು ಹಾಗೇ ಹತ್ತು ಸೆಕೆಂಡ್ ಒತ್ತಿ ಹಿಡಿಯಬೇಕು. ಪರದೆ ಇರುವ ಮಾದರಿಗಳಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಒಳಗೆ ಹೋದರೆ ಸಿಗುತ್ತದೆ. ಹಾಳೆಯ ತುಂಬ ಸಾಲುಗಳಿರುತ್ತವೆ. ನಮಗೆ ಬೇಕಾದವು ನಾಲ್ಕೇ: ಸಂಪರ್ಕ ಇದೆಯೋ ಇಲ್ಲವೋ, ಎಸ್‌ಎಸ್‌ಐಡಿ ಅಂದರೆ ಯಾವ ವೈಫೈ ಹೆಸರಿಗೆ ಅಂಟಿಕೊಂಡಿದೆ, ಐಪಿ ವಿಳಾಸ ಅಂದರೆ ಮನೆಯ ನೆಟ್‌ವರ್ಕ್‌ನಲ್ಲಿ ಅದರ ಮನೆ ನಂಬರ್, ಮತ್ತು ಮ್ಯಾಕ್ ವಿಳಾಸ. ಈ ಕೊನೆಯದಕ್ಕೂ ಆಪಲ್‌ನ ಮ್ಯಾಕ್‌ಗೂ ಸಂಬಂಧವಿಲ್ಲ. ಇದು ಯಂತ್ರಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಹನ್ನೆರಡು ಅಕ್ಷರ-ಅಂಕಿಗಳ ಗುರುತು. ಐಪಿ ಬದಲಾದರೂ ಇದು ಬದಲಾಗುವುದಿಲ್ಲ.

ಐಪಿ ಸಾಲನ್ನು ಓದಲು ಬಂದರೆ ಅರ್ಧ ಕೆಲಸ ಮುಗಿಯಿತು. 0.0.0.0 ಎಂದಿದ್ದರೆ ಪ್ರಿಂಟರ್ ವೈಫೈಗೆ ಸೇರಿಯೇ ಇಲ್ಲ. 169.254 ಎಂದು ಶುರುವಾದರೆ ರೂಟರ್ ಅದಕ್ಕೆ ವಿಳಾಸ ಕೊಟ್ಟಿಲ್ಲ, ಕೇಳಿ ಕೇಳಿ ಸಾಕಾಗಿ ತಾನೇ ಒಂದನ್ನು ಇಟ್ಟುಕೊಂಡಿದೆ. 192.168.1.47 ಎಂಬಂತೆ ಸರಿಯಾಗಿಯೇ ಇದ್ದರೆ ಅದನ್ನು ಲ್ಯಾಪ್‌ಟಾಪ್‌ನ ವಿಳಾಸದ ಪಕ್ಕಕ್ಕಿಟ್ಟು ನೋಡಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ, ‘ಐಪಿಕಾನ್ಫಿಗ್’ (ipconfig) ಎಂದು ಕೊಟ್ಟರೆ ಐಪಿವಿ4 ಅಡ್ರೆಸ್ ಎಂಬ ಸಾಲಿನಲ್ಲಿ ಅದು ಬರುತ್ತದೆ. ಮನೆಯ ರೂಟರ್‌ಗಳಲ್ಲಿ ಚುಕ್ಕಿಗಳಿಂದ ಬೇರ್ಪಟ್ಟ ಮೊದಲ ಮೂರು ಸಂಖ್ಯೆ ಎರಡರಲ್ಲೂ ಒಂದೇ ಇರಬೇಕು. ಪ್ರಿಂಟರ್ 192.168.1ರಲ್ಲಿ, ಲ್ಯಾಪ್‌ಟಾಪ್ 192.168.0ಯಲ್ಲಿ ಇದ್ದರೆ ಅವು ಒಂದೇ ಬೀದಿಯಲ್ಲಿಲ್ಲ. ಆ ವಿಷಯ ಮುಂದೆ ಬರುತ್ತದೆ.

ವಿಳಾಸ ಯಾಕೆ ಬದಲಾಗುತ್ತದೆ? ಮನೆಯ ರೂಟರ್ ಒಂದೊಂದು ಯಂತ್ರಕ್ಕೂ ಐಪಿಯನ್ನು ಬಾಡಿಗೆಗೆ ಕೊಡುತ್ತದೆ, ಒಂದು ದಿನಕ್ಕೋ ಕೆಲವು ಗಂಟೆಗಳಿಗೋ. ಡಿಎಚ್‌ಸಿಪಿ ಎಂದರೆ ಇದೇ. ಪ್ರಿಂಟರ್ ಸದಾ ಆನ್ ಇದ್ದರೆ ಬಾಡಿಗೆ ಮುಗಿಯುವ ಮೊದಲೇ ಅದೇ ವಿಳಾಸವನ್ನು ನವೀಕರಿಸಿಕೊಳ್ಳುತ್ತದೆ, ತೊಂದರೆಯಿಲ್ಲ. ನಮ್ಮ ಮನೆಗಳಲ್ಲಿ ಪ್ರಿಂಟರ್ ಹದಿನೈದು ದಿನ ಆಫ್ ಇರುತ್ತದೆ. ಅಷ್ಟರಲ್ಲಿ ಅದರ ವಿಳಾಸ ಟಿವಿಗೋ ಬಂದ ನೆಂಟರ ಮೊಬೈಲ್‌ಗೋ ಹೋಗಿರುತ್ತದೆ. ಜೊತೆಗೆ ಕರೆಂಟ್ ಹೋಗಿ ಬರುವ ಕಾಟ. ಅಗ್ಗದ ಎಷ್ಟೋ ರೂಟರ್‌ಗಳು ಬಾಡಿಗೆಯ ಲೆಕ್ಕವನ್ನು ತಾತ್ಕಾಲಿಕ ಮೆಮೊರಿಯಲ್ಲಷ್ಟೇ ಇಟ್ಟಿರುತ್ತವೆ. ಕರೆಂಟ್ ಹೋದರೆ ಲೆಕ್ಕವೂ ಹೋಯಿತು. ಕರೆಂಟ್ ಬಂದ ಮೇಲೆ ಪ್ರಿಂಟರ್ ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತದೆ, ಇಂಟರ್ನೆಟ್ ಕಂಪನಿ ಕೊಟ್ಟ ಫೈಬರ್ ಡಬ್ಬಿ ಪೂರ್ತಿ ಏಳಲು ಎರಡು ಮೂರು ನಿಮಿಷ ಬೇಕು. ಆ ಅಂತರದಲ್ಲಿ ಕೆಲವು ಪ್ರಿಂಟರ್‌ಗಳು ವೈಫೈ ಹುಡುಕುವುದನ್ನೇ ಕೈಬಿಡುತ್ತವೆ. ಹಾಗಾಗಿ ಹಾಳೆಯಲ್ಲಿ 0.0.0.0 ಅಥವಾ 169.254 ಕಂಡರೆ ಮೊದಲ ಮದ್ದು ಸರಳ: ರೂಟರ್ ಆನ್ ಮಾಡಿ, ಮೊಬೈಲ್‌ನಲ್ಲಿ ಇಂಟರ್ನೆಟ್ ಬರುವವರೆಗೆ ಕಾಯಿರಿ, ಆಮೇಲೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ಎರಡನ್ನೂ ಒಂದೇ ಸ್ವಿಚ್‌ಬೋರ್ಡಿಗೆ ಹಾಕಿ ಒಟ್ಟಿಗೆ ಆನ್ ಮಾಡುವ ಅಭ್ಯಾಸವಿದ್ದರೆ ಬಿಡಿ. ರೂಟರ್‌ಗೆ ಪುಟ್ಟ 12 ವೋಲ್ಟ್ ಯುಪಿಎಸ್ ಹಾಕಿಸಿದರೆ ಒಳ್ಳೆಯದೇ. ಲೇಸರ್ ಪ್ರಿಂಟರನ್ನು ಮಾತ್ರ ಕಂಪ್ಯೂಟರ್ ಯುಪಿಎಸ್‌ಗೆ ಸಿಕ್ಕಿಸಬೇಡಿ, ಪುಡಿಶಾಯಿಯನ್ನು ಕಾಗದಕ್ಕೆ ಅಂಟಿಸುವ ಅದರ ಫ್ಯೂಸರ್ ಬಿಸಿಯಾಗುವಾಗ ಎಳೆಯುವ ಕರೆಂಟಿಗೆ ಯುಪಿಎಸ್ ಕುಸಿಯುತ್ತದೆ.

ಹಾಳೆಯಲ್ಲಿ ಐಪಿ ಸರಿಯಾಗಿದೆ ಅಂದುಕೊಳ್ಳಿ. ಈಗ ಲ್ಯಾಪ್‌ಟಾಪ್‌ಗೆ ಬನ್ನಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪಿಂಗ್’ (ping) ಎಂದು ಬರೆದು ಆ ಐಪಿ ಕೊಡಿ. ಆ ವಿಳಾಸದಲ್ಲಿ ಯಾರಾದರೂ ಇದ್ದೀರಾ ಎಂದು ಕೂಗಿ ಕೇಳುವ ಆಜ್ಞೆ ಇದು. ನಾಲ್ಕು ಸಾಲು ಬರುತ್ತವೆ. ಎಷ್ಟೋ ಜನ ಇಲ್ಲಿ ಮೋಸ ಹೋಗುತ್ತಾರೆ. ‘ರಿಪ್ಲೈ ಫ್ರಮ್’ ಎಂದು ಕಂಡ ಕೂಡಲೇ ಪ್ರಿಂಟರ್ ಮಾತಾಡಿತು ಎಂದು ತಿಳಿಯುತ್ತಾರೆ. ಸಾಲನ್ನು ಕೊನೆಯವರೆಗೂ ಓದಿ. ರಿಪ್ಲೈ ಎಂಬ ಪದದ ಮುಂದೆ ಪ್ರಿಂಟರ್‌ನ ಐಪಿ ಇದ್ದು, ಕೊನೆಗೆ ಟೈಮ್, ಟಿಟಿಎಲ್ ಎಂದಿದ್ದರೆ ಮಾತ್ರ ಅದು ಪ್ರಿಂಟರ್‌ನ ಉತ್ತರ. ಅಲ್ಲಿ ನಿಮ್ಮ ಲ್ಯಾಪ್‌ಟಾಪ್‌ನದೇ ಐಪಿ ಇದ್ದು, ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂದಿದ್ದರೆ ಉತ್ತರ ಕೊಟ್ಟದ್ದು ನಿಮ್ಮ ಲ್ಯಾಪ್‌ಟಾಪೇ, ‘ಅಂಥವರು ಯಾರೂ ಇಲ್ಲಿಲ್ಲ’ ಎಂದು. ಆದರೂ ಕೆಳಗಿನ ಲೆಕ್ಕದಲ್ಲಿ ವಿಂಡೋಸ್ 0% ಲಾಸ್ ಎಂದೇ ತೋರಿಸುತ್ತದೆ! ಆ ಸಾಲನ್ನು ನಂಬಬೇಡಿ.

ಪಿಂಗ್ ಆದ ಮೇಲೆ ‘ಎಆರ್‌ಪಿ’ ಆಜ್ಞೆಯನ್ನು ‘-ಎ’ ಜೊತೆಗೆ (arp -a) ಕೊಟ್ಟು, ಆ ಐಪಿಯ ಎದುರಿಗಿರುವ ಮ್ಯಾಕ್ ವಿಳಾಸವನ್ನು ಹಾಳೆಯಲ್ಲಿರುವುದರ ಜೊತೆ ಹೋಲಿಸಿ. ಬೇರೆ ಬೇರೆ ಆಗಿದ್ದರೆ ಪಿಂಗ್‌ಗೆ ಓಗೊಟ್ಟದ್ದು ಪ್ರಿಂಟರ್ ಅಲ್ಲ, ಅದೇ ವಿಳಾಸದಲ್ಲಿ ಕೂತಿರುವ ಇನ್ಯಾವುದೋ ಯಂತ್ರ. ಪ್ರಿಂಟರ್‌ನಲ್ಲಿ ಯಾರೋ ಹಿಂದೆ ಐಪಿಯನ್ನು ಕೈಯಾರೆ ಬರೆದಿಟ್ಟು, ರೂಟರ್ ಅದನ್ನರಿಯದೆ ಅದೇ ಅಂಕಿಯನ್ನು ಟಿವಿಗೂ ಕೊಟ್ಟಾಗ ಹೀಗಾಗುತ್ತದೆ. ಒಮ್ಮೆ ಅಚ್ಚಾಗುತ್ತದೆ, ಒಮ್ಮೆ ಆಗುವುದಿಲ್ಲ. ಯಾರಿಗೂ ಕಾರಣ ಹೊಳೆಯುವುದಿಲ್ಲ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಬ್ರೌಸರ್‌ನ ಅಡ್ರೆಸ್ ಪಟ್ಟಿಯಲ್ಲಿ ಪ್ರಿಂಟರ್‌ನ ಐಪಿ ಕೊಡಿ. ಶಾಯಿ ಎಷ್ಟಿದೆ ಎಂದು ತೋರಿಸುವ ಪುಟ ತೆರೆಯಬೇಕು. ಸರ್ಟಿಫಿಕೇಟ್ ಸರಿಯಿಲ್ಲ ಎಂದು ಬ್ರೌಸರ್ ಹೆದರಿಸಿದರೆ ಮುಂದುವರಿಯಿರಿ. ಪ್ರಿಂಟರ್ ತನ್ನ ಸರ್ಟಿಫಿಕೇಟನ್ನು ತಾನೇ ಬರೆದುಕೊಂಡಿರುತ್ತದೆ, ಅಷ್ಟೆ. ಪಾಸ್‌ವರ್ಡ್ ಕೇಳಿದರೆ ಈಚಿನ ಹಲವು ಮಾದರಿಗಳಲ್ಲಿ ಅದು ಬೆನ್ನಿನ ಚೀಟಿಯಲ್ಲಿರುವ ಸೀರಿಯಲ್ ನಂಬರ್ ಆಗಿರುತ್ತದೆ. ಈ ಪುಟ ತೆರೆಯಿತು ಅಂದರೆ ವೈಫೈ, ರೂಟರ್, ಪ್ರಿಂಟರ್ ಮೂರೂ ನಿರಪರಾಧಿಗಳು. ಉಳಿದದ್ದು ಕಂಪ್ಯೂಟರ್ ಒಳಗಿನ ಮಾತು.

ಅಲ್ಲಿ ನೋಡಬೇಕಾದದ್ದು ಪೋರ್ಟ್, ಅಂದರೆ ಅಚ್ಚಿನ ಕೆಲಸವನ್ನು ಯಾವ ದಾರಿಯಲ್ಲಿ ಕಳಿಸಬೇಕೆಂದು ವಿಂಡೋಸ್ ಬರೆದಿಟ್ಟುಕೊಂಡ ಜಾಗ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ‘ಬ್ಲೂಟೂತ್ ಅಂಡ್ ಡಿವೈಸಸ್’, ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ಗೆ ಹೋಗಿ ನಿಮ್ಮ ಪ್ರಿಂಟರ್ ಒತ್ತಿ, ‘ಪ್ರಿಂಟರ್ ಪ್ರಾಪರ್ಟೀಸ್’ ತೆರೆಯಿರಿ. ಕೆಳಗೇ ‘ಪ್ರಿಂಟಿಂಗ್ ಪ್ರಿಫರೆನ್ಸಸ್’ ಎಂಬುದೂ ಇರುತ್ತದೆ, ಅದಲ್ಲ. ಒಳಗೆ ‘ಪೋರ್ಟ್ಸ್’ ಹಾಳೆಯಲ್ಲಿ ಟಿಕ್ ಆಗಿರುವ ಸಾಲಿನ ವಿವರಣೆಯಲ್ಲಿ ಸಾಮಾನ್ಯವಾಗಿ ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಅಥವಾ ‘ಡಬ್ಲ್ಯೂಎಸ್‌ಡಿ ಪೋರ್ಟ್’ ಎಂದಿರುತ್ತದೆ. ಮೊದಲನೆಯದಾದರೆ ಅದರಲ್ಲಿ ಹಳೆಯ ಐಪಿ ಬರೆದಿದೆ. ಎರಡನೆಯದಾದರೆ ಐಪಿ ಬರೆದಿಲ್ಲ, ಪ್ರತಿ ಸಲ ನೆಟ್‌ವರ್ಕ್‌ನಲ್ಲಿ ಕೂಗಿ ಹುಡುಕುತ್ತದೆ.  ಈ ಬಗೆಯ ಕೂಗನ್ನು ಕೆಲವು ರೂಟರ್‌ಗಳು ವೈಫೈನ ಒಂದು ಬ್ಯಾಂಡ್‌ನಿಂದ ಇನ್ನೊಂದಕ್ಕೆ ಸರಿಯಾಗಿ ದಾಟಿಸುವುದಿಲ್ಲ. ಪಿಂಗ್‌ಗೆ ಸಿಗುವ ಪ್ರಿಂಟರ್ ಪಟ್ಟಿಯಲ್ಲಿ ಸಿಗದಿರುವುದಕ್ಕೆ ಒಂದು ಕಾರಣ ಇದು. ವಿಂಡೋಸ್ ತಾನಾಗಿ ಪ್ರಿಂಟರ್ ಸೇರಿಸಿದಾಗ ಎಷ್ಟೋ ಸಲ ಡಬ್ಲ್ಯೂಎಸ್‌ಡಿಯನ್ನೇ ಆರಿಸಿಕೊಳ್ಳುತ್ತದೆ. ನನ್ನ ಮಟ್ಟಿಗೆ ಮನೆಯ ಪ್ರಿಂಟರ್‌ಗೆ ಅದು ಬೇಡವೇ ಬೇಡ.

ಬದಲಿಸುವುದು ಹೀಗೆ. ಅದೇ ಪೋರ್ಟ್ಸ್ ಹಾಳೆಯಲ್ಲಿ ‘ಆ್ಯಡ್ ಪೋರ್ಟ್’ ಒತ್ತಿ, ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಆರಿಸಿ, ‘ನ್ಯೂ ಪೋರ್ಟ್’ ಒತ್ತಿ. ಹಾಳೆಯಲ್ಲಿರುವ ಐಪಿ ಬರೆಯಿರಿ, ಪೋರ್ಟ್ ಹೆಸರನ್ನು ಅದು ತಾನೇ ತುಂಬಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಪ್ರಿಂಟರ್ ಜೊತೆ ಮಾತಾಡಿ, ಗುರುತು ಹತ್ತದಿದ್ದರೆ ಯಂತ್ರದ ಬಗೆ ಕೇಳುತ್ತದೆ. ‘ಜೆನೆರಿಕ್ ನೆಟ್‌ವರ್ಕ್ ಕಾರ್ಡ್’ ಎಂದೇ ಬಿಟ್ಟು ಮುಗಿಸಿ. ಹೊಸ ಪೋರ್ಟ್‌ಗೆ ಟಿಕ್ ಬಿದ್ದಿದೆಯೇ ನೋಡಿ, ‘ಅಪ್ಲೈ’ ಕೊಡಿ. ಡ್ರೈವರ್ ಅಳಿಸಲಿಲ್ಲ, ಏನನ್ನೂ ಇಳಿಸಲಿಲ್ಲ, ಮೂರು ನಿಮಿಷದ ಕೆಲಸ. ಇಲ್ಲಿಂದ ಕೆಲಸ 9100 ಎಂಬ ಬಾಗಿಲಿನಲ್ಲಿ ನೇರವಾಗಿ ಪ್ರಿಂಟರ್‌ಗೆ ಹೋಗುತ್ತದೆ. ಕ್ಯಾನನ್‌ನ ಕೆಲವು ಇಂಕ್‌ಜೆಟ್‌ಗಳಂತೆ ಕಂಪನಿಯ ಸ್ವಂತ ಪೋರ್ಟ್ ಬಳಸುವ ಮಾದರಿಗಳೂ ಇವೆ. ಅವಕ್ಕೆ ಆಯಾ ಕಂಪನಿಯ ನೆಟ್‌ವರ್ಕ್ ಟೂಲ್‌ನಲ್ಲೇ ಪೋರ್ಟ್ ಬದಲಿಸಬೇಕು.

ಇಷ್ಟಾದರೂ ಪ್ರಿಂಟರ್ ಬೂದು ಬಣ್ಣದಲ್ಲೇ ಇದ್ದು ‘ಆಫ್‌ಲೈನ್’ ಎಂದರೆ ‘ಕಾನ್ಫಿಗರ್ ಪೋರ್ಟ್’ ಒತ್ತಿ. ಕೆಳಗಡೆ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಎಂಬ ಟಿಕ್ ಇದೆ, ತೆಗೆಯಿರಿ. ವಿಂಡೋಸ್ ಪ್ರಿಂಟರ್‌ನ ಕ್ಷೇಮ ಸಮಾಚಾರ ವಿಚಾರಿಸುವ ವಿಧಾನ ಅದು. ಕೆಲವು ಅಗ್ಗದ ಪ್ರಿಂಟರ್‌ಗಳು ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ನಿದ್ದೆಯಲ್ಲಿರುವಾಗಂತೂ ಇಲ್ಲವೇ ಇಲ್ಲ. ಉತ್ತರ ಬರಲಿಲ್ಲ ಎಂದರೆ ಆಫ್‌ಲೈನ್ ಎಂದು ವಿಂಡೋಸ್ ತೀರ್ಮಾನಿಸುತ್ತದೆ. ಟಿಕ್ ತೆಗೆದರೆ ಪ್ರಶ್ನೆಯೂ ಇಲ್ಲ, ತಗಾದೆಯೂ ಇಲ್ಲ. ಪ್ರಿಂಟ್ ಕ್ಯೂ ಕಿಟಕಿಯಲ್ಲಿ ‘ಯೂಸ್ ಪ್ರಿಂಟರ್ ಆಫ್‌ಲೈನ್’ ಎಂಬುದಕ್ಕೆ ಯಾರೋ ಟಿಕ್ ಹಾಕಿಟ್ಟಿದ್ದಾರೆಯೇ ಎಂದೂ ಒಮ್ಮೆ ನೋಡಿಬಿಡಿ.

ರೂಟರ್ ಬದಲಿಸಿದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಸಂಶಯ ಬೇರೆ ಕಡೆ ತಿರುಗಬೇಕು. ಹೊಸ ವೈಫೈಯನ್ನು ವಿಂಡೋಸ್ ಹೋಟೆಲ್ಲು, ಬಸ್‌ನಿಲ್ದಾಣದ ವೈಫೈ ಎಂಬಂತೆ ‘ಪಬ್ಲಿಕ್’ ಲೆಕ್ಕಕ್ಕೆ ಹಾಕುತ್ತದೆ. ಆಗ ಅಕ್ಕಪಕ್ಕದ ಯಂತ್ರಗಳನ್ನು ಹುಡುಕುವುದನ್ನು ಫೈರ್‌ವಾಲ್ ತಡೆಯುತ್ತದೆ. ವೈಫೈ ಸೆಟ್ಟಿಂಗ್‌ನಲ್ಲಿ ಆ ಸಂಪರ್ಕದ ಪ್ರಾಪರ್ಟೀಸ್ ತೆರೆದು ‘ಪ್ರೈವೇಟ್’ ಮಾಡಿ. ಮನೆಯ ವೈಫೈಗೆ ಮಾತ್ರ.

ಇನ್ನು ಪ್ರಿಂಟರ್ ವೈಫೈಗೇ ಸೇರದಿದ್ದರೆ. ಮನೆ ಬಳಕೆಯ ಪ್ರಿಂಟರ್‌ಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು. ರೂಟರ್‌ನಲ್ಲಿ 2.4 ಆಫ್ ಮಾಡಿದ್ದರೆ, ಅಥವಾ ಪ್ರಿಂಟರ್‌ಗೆ 5 ಗಿಗಾಹರ್ಟ್ಸ್‌ನ ಹೆಸರು ಕೊಡಲು ಹೊರಟಿದ್ದರೆ ಅದಕ್ಕೆ ಕಾಣುವುದೇ ಇಲ್ಲ. ಲ್ಯಾಪ್‌ಟಾಪ್ 5ರಲ್ಲಿ, ಪ್ರಿಂಟರ್ 2.4ರಲ್ಲಿ ಇದ್ದರೆ ಪರವಾಗಿಲ್ಲ. ರೂಟರ್ ಒಂದೇ ಆದರೆ ಎರಡೂ ಒಂದೇ ನೆಟ್‌ವರ್ಕ್. ರೂಟರ್‌ನ ವೈಫೈ ಭದ್ರತೆಯ ಆಯ್ಕೆಯಲ್ಲಿ ಹೊಸ ವಿಧಾನವಾದ ಡಬ್ಲ್ಯೂಪಿಎ3 ಮಾತ್ರ ಎಂದಿಟ್ಟರೆ ಹಳೆಯ ಪ್ರಿಂಟರ್ ಪಾಸ್‌ವರ್ಡ್ ಸರಿಯಿದ್ದರೂ ಸೇರಲಾರದು. ಡಬ್ಲ್ಯೂಪಿಎ2, ಇಲ್ಲವೇ 2 ಮತ್ತು 3 ಬೆರೆತ ಆಯ್ಕೆ ಇಡಿ. ಗುಂಡಿ ಒತ್ತಿ ಜೋಡಿಸುವ ಡಬ್ಲ್ಯೂಪಿಎಸ್ ಕೂಡ ಡಬ್ಲ್ಯೂಪಿಎ3 ಜೊತೆ ನಡೆಯುವುದಿಲ್ಲ. ಅಮೆರಿಕದಿಂದ ಮಗ ತಂದುಕೊಟ್ಟ ಪ್ರಿಂಟರ್ ಇದ್ದರೆ ಇನ್ನೊಂದು ಕೊಕ್ಕೆ: ಇಲ್ಲಿನ ರೂಟರ್ 12 ಅಥವಾ 13ನೇ ಚಾನೆಲ್‌ಗೂ ಹೋಗಬಹುದು, ಆ ಪ್ರಿಂಟರ್ 11ರ ಆಚೆ ನೋಡುವುದಿಲ್ಲ. ಚಾನೆಲ್ ಆಯ್ಕೆಯನ್ನು ‘ಆಟೊ’ ಬಿಟ್ಟು 1, 6 ಅಥವಾ 11ಕ್ಕೆ ಕಟ್ಟಿಹಾಕಿ.

ಹೊಸ ರೂಟರ್ ಹಾಕಿಸುವವರಿಗೆ ಒಂದು ಮಾತು. ಹಳೆಯ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನೇ ಹೊಸದಕ್ಕೂ ಕೊಡಿ. ಕ್ಯಾಪಿಟಲ್, ಸ್ಮಾಲ್ ಅಕ್ಷರ, ನಡುವಿನ ಜಾಗ ಸಹ ತಪ್ಪದ ಹಾಗೆ. ಪ್ರಿಂಟರ್‌ಗೆ ರೂಟರ್ ಬದಲಾದದ್ದೇ ತಿಳಿಯುವುದಿಲ್ಲ, ತಾನಾಗಿ ಸೇರುತ್ತದೆ. ಪರದೆಯಿಲ್ಲದ ಪ್ರಿಂಟರ್‌ಗೆ ಪಾಸ್‌ವರ್ಡ್ ತುಂಬುವ ಹಿಂಸೆ ತಪ್ಪಿತು.

ಎರಡು ಬೀದಿಯ ವಿಷಯ. ಈಗ ಊರ ಕಡೆಯ ಮನೆಗಳಲ್ಲೂ ಫೈಬರ್ ಕಂಪನಿ ಕೊಟ್ಟ ಡಬ್ಬಿಯೊಂದು, ಮೇಲಿನ ಮಹಡಿಗೆ ಸಿಗ್ನಲ್ ಸಾಲದೆಂದು ಅಂಗಡಿಯಿಂದ ತಂದ ರೂಟರ್ ಇನ್ನೊಂದು ಇರುತ್ತದೆ. ಎರಡೂ ತಮ್ಮದೇ ವೈಫೈ ಹಬ್ಬಿಸುತ್ತವೆ, ತಮ್ಮದೇ ವಿಳಾಸ ಹಂಚುತ್ತವೆ. ಉದಾಹರಣೆಗೆ ಜಿಯೋ ಫೈಬರ್ ಡಬ್ಬಿ 192.168.29ರ ಸಾಲಿನಲ್ಲಿ, ಟಿಪಿ-ಲಿಂಕ್ ರೂಟರ್ 192.168.0ಯಲ್ಲಿ. ಪ್ರಿಂಟರ್ ಮೊದಲಿನದಕ್ಕೆ, ಲ್ಯಾಪ್‌ಟಾಪ್ ಎರಡನೆಯದಕ್ಕೆ ಅಂಟಿದ್ದರೆ ಹುಡುಕಾಟ ಎಂದೂ ಫಲಿಸದು. ಇಲ್ಲೊಂದು ಸ್ವಾರಸ್ಯವಿದೆ. ಒಳಗಿನ ರೂಟರ್‌ನ ಲ್ಯಾಪ್‌ಟಾಪ್‌ನಿಂದ ಹೊರಗಿನ ಡಬ್ಬಿಯ ಪ್ರಿಂಟರ್‌ಗೆ ಐಪಿ ಕೊಟ್ಟು ನೇರವಾಗಿ ಅಚ್ಚು ಹಾಕಬಹುದು, ಇಂಟರ್ನೆಟ್‌ಗೆ ಹೋಗುವ ದಾರಿಯಲ್ಲೇ ಅದು ಸಿಗುತ್ತದೆ. ಪ್ರಿಂಟರ್ ಒಳಗೆ, ಲ್ಯಾಪ್‌ಟಾಪ್ ಹೊರಗೆ ಇದ್ದರೆ ಐಪಿ ಕೊಟ್ಟರೂ ಸಿಗದು. ಮೇಲೆ ಕೂತಾಗ ಅಚ್ಚಾಗುತ್ತದೆ, ಕೆಳಗೆ ಬಂದರೆ ಆಗುವುದಿಲ್ಲ ಎಂಬ ದೂರಿನ ಮೂಲ ಬಹುತೇಕ ಇದೇ. ಶಾಶ್ವತ ಪರಿಹಾರವೆಂದರೆ ಎರಡನೇ ರೂಟರನ್ನು ‘ಆ್ಯಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕುವುದು. ಆಗ ವಿಳಾಸ ಹಂಚುವುದು ಫೈಬರ್ ಡಬ್ಬಿ ಒಂದೇ.

ಗೆಸ್ಟ್ ವೈಫೈಗೆ ಪ್ರಿಂಟರ್ ಸೇರಿಸಿದ್ದರೂ ಇದೇ ಗತಿ. ಅಲ್ಲಿರುವ ಯಂತ್ರಗಳಿಗೆ ಇಂಟರ್ನೆಟ್ ಸಿಗುತ್ತದೆ, ಒಂದಕ್ಕೊಂದು ಮುಖ ಕಾಣದು. ‘ಎಪಿ ಐಸೊಲೇಶನ್’ ಎಂಬ ಟಿಕ್ ಮುಖ್ಯ ವೈಫೈನಲ್ಲಿ ಬಿದ್ದಿದ್ದರೂ ಅದೇ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ (ಆಫೀಸ್ ನೆಟ್‌ವರ್ಕ್‌ಗೆ ಸೇರಿಸುವ ಖಾಸಗಿ ದಾರಿ) ಆನ್ ಇದ್ದರೆ ಎಷ್ಟೋ ಕಂಪನಿಗಳ ನಿಯಮ ಮನೆಯ ನೆಟ್‌ವರ್ಕನ್ನೇ ಮುಚ್ಚಿಬಿಡುತ್ತದೆ. ಎರಡಡಿ ದೂರದ ಪ್ರಿಂಟರ್ ಪಿಂಗ್‌ಗೂ ಸಿಗದು. ವಿಪಿಎನ್ ಕಡಿದು ಅಚ್ಚು ಹಾಕಿ, ಮತ್ತೆ ಸೇರಿಸಿ.

ಆಪಲ್ ಮ್ಯಾಕ್, ಐಫೋನ್‌ಗಳು ಬೊಂಜೂರ್ ವಿಧಾನದಲ್ಲಿ ಹುಡುಕುತ್ತವೆ. ಅಲ್ಲಿ ಐಪಿ ಬದಲಾದರೂ ಹೆಸರಿನಿಂದ ಪತ್ತೆಯಾಗುವುದರಿಂದ ಈ ರಗಳೆ ಕಡಿಮೆ. ಆದರೆ ಐಒಎಸ್ 14ರಿಂದ, ಮ್ಯಾಕ್‌ನಲ್ಲಿ 2024ರ ಸಿಕೋಯಾದಿಂದ, ಆ್ಯಪ್‌ಗಳಿಗೆ ‘ಲೋಕಲ್ ನೆಟ್‌ವರ್ಕ್’ ಅನುಮತಿ ಬೇಕು. ಪ್ರಿಂಟರ್ ಕಂಪನಿಯ ಆ್ಯಪ್ ಮೊದಲ ಸಲ ಕೇಳಿದಾಗ ಬೇಡವೆಂದು ಒತ್ತಿದ್ದರೆ ಆ ಆ್ಯಪ್‌ಗೆ ಪ್ರಿಂಟರ್ ಕಾಣುವುದಿಲ್ಲ. ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ತಿದ್ದಬಹುದು. ಮ್ಯಾಕ್‌ನಲ್ಲಿ ತಾನಾಗಿ ಸಿಗದಿದ್ದರೆ ಪ್ರಿಂಟರ್ ಸೇರಿಸುವ ಕಿಟಕಿಯಲ್ಲಿ ಗ್ಲೋಬ್ ಚಿತ್ರ ಒತ್ತಿ ಐಪಿ ಬರೆದು, ವಿಧಾನ ಏರ್‌ಪ್ರಿಂಟ್ ಎಂದು ಆರಿಸಿ.

ಕಂಡುಹಿಡಿದದ್ದಾಯಿತು. ಮುಂದಿನ ತಿಂಗಳು ಮತ್ತೆ ಕಳೆದುಹೋಗದಂತೆ ಮಾಡಬೇಕಾದ ಕೆಲಸ ಒಂದಿದೆ. ಬ್ರೌಸರ್‌ನಲ್ಲಿ ರೂಟರ್‌ನ ಐಪಿ ಕೊಟ್ಟು ಅದರ ಪುಟಕ್ಕೆ ಹೋಗಿ, ಡಿಎಚ್‌ಸಿಪಿ ಸರ್ವರ್ ವಿಭಾಗದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಹುಡುಕಿ, ಪ್ರಿಂಟರ್‌ನ ಮ್ಯಾಕ್ ವಿಳಾಸವನ್ನೂ ಅದಕ್ಕೆ ಮೀಸಲಿಡುವ ಐಪಿಯನ್ನೂ ಬರೆದು ಉಳಿಸಿ. ಕೆಲವು ರೂಟರ್‌ಗಳಲ್ಲಿ ಇದಕ್ಕೆ ‘ಸ್ಟ್ಯಾಟಿಕ್ ಲೀಸ್’ ಅಥವಾ ‘ಐಪಿ-ಮ್ಯಾಕ್ ಬೈಂಡಿಂಗ್’ ಎಂಬ ಹೆಸರಿರುತ್ತದೆ. ಕೇಬಲ್ ತೂತು, ವೈಫೈ ಎರಡೂ ಇರುವ ಪ್ರಿಂಟರ್‌ನಲ್ಲಿ ಮ್ಯಾಕ್ ವಿಳಾಸವೂ ಎರಡಿರುತ್ತದೆ. ವೈಫೈನದನ್ನೇ ಬರೆಯಿರಿ, ಬೆನ್ನಿನ ಚೀಟಿಯಲ್ಲಿರುವುದು ಕೇಬಲ್‌ನದಾಗಿರಬಹುದು. ಆಮೇಲೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ, ಇನ್ನೊಂದು ಹಾಳೆ ತೆಗೆದು ಐಪಿ ಬಂದಿದೆಯೇ ನೋಡಿ. ಕಂಪನಿ ಕೊಟ್ಟ ಡಬ್ಬಿಯಲ್ಲಿ ಈ ಸೌಲಭ್ಯವನ್ನು ಮುಚ್ಚಿಟ್ಟಿದ್ದರೆ ಮಾತ್ರ ಪ್ರಿಂಟರ್ ಒಳಗೇ ಐಪಿ ಬರೆಯಿರಿ. ಆಗ ರೂಟರ್ ಹಂಚುವ ವ್ಯಾಪ್ತಿಯ ಹೊರಗಿನದನ್ನು ಆರಿಸಬೇಕು. ಅದು 100ರಿಂದ 199ರವರೆಗೆ ಹಂಚುತ್ತಿದ್ದರೆ 50 ಇಡಿ. ಗೇಟ್‌ವೇ ಜಾಗದಲ್ಲಿ ರೂಟರ್‌ನ ಐಪಿ, ಸಬ್‌ನೆಟ್ ಮಾಸ್ಕ್ 255.255.255.0.

ಹುಡುಕಾಟದ ಹೊತ್ತಿನಲ್ಲಿ ಹತ್ತು ಸಲ ‘ಪ್ರಿಂಟ್’ ಒತ್ತಿದ್ದರೆ ಅವೆಲ್ಲ ಸಾಲಿನಲ್ಲಿ ಕಾದಿರುತ್ತವೆ. ದಾರಿ ತೆರೆದ ಕೂಡಲೇ ಹತ್ತೂ ಹೊರಬರುತ್ತವೆ, ಇಲ್ಲವೇ ಮೊದಲನೆಯದು ಕೆಟ್ಟು ಉಳಿದವನ್ನೂ ತಡೆಯುತ್ತದೆ. ವಿಂಡೋಸ್‌ನ ‘ಸರ್ವಿಸಸ್’ ತೆರೆದು, ಈ ಸಾಲನ್ನು ನೋಡಿಕೊಳ್ಳುವ ‘ಪ್ರಿಂಟ್ ಸ್ಪೂಲರ್’ ನಿಲ್ಲಿಸಿ, ಸಿ ಡ್ರೈವ್‌ನ ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಫೋಲ್ಡರ್ ಒಳಗಿನ ಫೈಲ್‌ಗಳನ್ನು ಅಳಿಸಿ. ಫೋಲ್ಡರನ್ನಲ್ಲ, ಒಳಗಿನದನ್ನು ಮಾತ್ರ. ಸ್ಪೂಲರನ್ನು ಮತ್ತೆ ಶುರುಮಾಡಿ.

ಅಚ್ಚಾಯಿತು, ಸ್ಕ್ಯಾನ್ ಆಗುತ್ತಿಲ್ಲ ಎಂಬ ದೂರು ಮರುದಿನ ಬರುತ್ತದೆ. ಸ್ಕ್ಯಾನರ್‌ಗೆ ಪ್ರಿಂಟ್ ಪೋರ್ಟ್‌ನ ಸಂಬಂಧವಿಲ್ಲ. ಕಂಪನಿಯ ಸ್ಕ್ಯಾನ್ ತಂತ್ರಾಂಶ ಹಳೆಯ ಐಪಿಯನ್ನು ತನ್ನದೇ ಪುಸ್ತಕದಲ್ಲಿ ಬರೆದಿಟ್ಟುಕೊಂಡಿರುತ್ತದೆ. ಎಪ್ಸನ್ ಸ್ಕ್ಯಾನ್ 2 ಆದರೆ ಅದರ ಸೆಟ್ಟಿಂಗ್ಸ್ ತೆರೆದು ಹಳೆಯ ಸಾಲನ್ನು ಅಳಿಸಿ, ‘ಆ್ಯಡ್’ ಒತ್ತಿ ಮೀಸಲಿಟ್ಟ ಐಪಿಯನ್ನು ಬರೆಯಿರಿ.